ಎಲೆಕ್ಟ್ರಾನ್ ಎಲ್ಲಿ ನಿಲ್ಲುತ್ತದೆ? ವಿಭವದ ಏರು ಹತ್ತುವ ಕಣಗಳ ಲೆಕ್ಕ, ಶಕ್ತಿ ಸಂರಕ್ಷಣೆಯ ದಾರಿಯಲ್ಲಿ

ಎರಡನೇ ಪಿಯುಸಿ ಭೌತಶಾಸ್ತ್ರದಲ್ಲಿ ಒಂದೇ ಲೆಕ್ಕ ಮೂರು ವೇಷ ಕಟ್ಟಿಕೊಂಡು ಬರುತ್ತದೆ. ಸ್ಥಿರವಿದ್ಯುತ್ತಿನ ಪಾಠದಲ್ಲಿ ಎರಡು ಪ್ಲೇಟುಗಳ ನಡುವೆ ನಿಧಾನವಾಗುವ ಎಲೆಕ್ಟ್ರಾನ್. ದ್ಯುತಿವಿದ್ಯುತ್ ಪರಿಣಾಮದಲ್ಲಿ ಸ್ಟಾಪಿಂಗ್ ಪೊಟೆನ್ಶಿಯಲ್, ಅಂದರೆ ಬೆಳಕು ಬಿದ್ದು ಲೋಹದಿಂದ ಹೊರಬಂದ ಎಲೆಕ್ಟ್ರಾನುಗಳನ್ನು ನಿಲ್ಲಿಸುವ ವಿಭವ. ಪರಮಾಣುವಿನ ಪಾಠದಲ್ಲಿ ಚಿನ್ನದ ನ್ಯೂಕ್ಲಿಯಸ್ಸಿನ ಹತ್ತಿರ ಹೋಗಿ ವಾಪಸ್ ಬರುವ ಆಲ್ಫಾ ಕಣ. ಶಿರಸಿಯಲ್ಲಿ ನಮ್ಮ ಕ್ಲಾಸಿಗೆ ಬರುವ ಮಕ್ಕಳಾಗಲಿ, ಸಿಇಟಿ ಹತ್ತಿರ ಬಂದಾಗ ಕುಮಟಾ, ಕಾರವಾರದಿಂದ ಫೋನ್ ಮಾಡುವವರಾಗಲಿ, ಮೂರಕ್ಕೂ ಬೇರೆ ಬೇರೆ ಸೂತ್ರ ಬಾಯಿಪಾಠ ಮಾಡಿಕೊಂಡೇ ಇರುತ್ತಾರೆ. ಅಷ್ಟು ಹೊರೆ ಬೇಕಿಲ್ಲ, ಒಂದು ಸಮೀಕರಣ ಸಾಕು. ಅದನ್ನು ಚಿಹ್ನೆ ಸಮೇತ ಬರೆಯಬೇಕು, ಬರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು, ಅಷ್ಟೆ.

ಹತ್ತನೇ ತರಗತಿ ಪುಸ್ತಕ ವಿದ್ಯುದಾವೇಶ ಅನ್ನುವುದನ್ನು ಇಲ್ಲಿ ಚಾರ್ಜ್ ಎಂದೇ ಬರೆಯುತ್ತೇನೆ. ವಿಭವ, ಚಲನಶಕ್ತಿ, ಪ್ರಚ್ಛನ್ನ ಶಕ್ತಿ ಇವೆಲ್ಲ ನಿಮಗೆ ಗೊತ್ತಿರುವ ಮಾತುಗಳೇ.

ಹಂತ 1: ಕಣವನ್ನು ತಡೆಯುವವರು ಬೇರೆ ಯಾರಾದರೂ ಇದ್ದಾರೆಯೇ?

ಲೆಕ್ಕ ಶುರು ಮಾಡುವ ಮೊದಲ ಪ್ರಶ್ನೆ ಇದು. ಕಣದ ವೇಗ ಬದಲಿಸುತ್ತಿರುವುದು ಸ್ಥಿರವಾದ ವಿದ್ಯುತ್ ಕ್ಷೇತ್ರ ಒಂದೇ ಆದರೆ ಚಲನಶಕ್ತಿ ಮತ್ತು ಪ್ರಚ್ಛನ್ನ ಶಕ್ತಿಗಳ ಮೊತ್ತ ಉದ್ದಕ್ಕೂ ಅಷ್ಟೇ ಇರುತ್ತದೆ. ದಾರಿಯಲ್ಲಿ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುವ ಹಾಗಿದ್ದರೆ ಇರುವುದಿಲ್ಲ. ಈ ಪ್ರಯೋಗಗಳೆಲ್ಲ ನಿರ್ವಾತದ ಗಾಜಿನ ಕೊಳವೆಯೊಳಗೆ ನಡೆಯುವುದು ಇದಕ್ಕಾಗಿಯೇ. ಪ್ರಶ್ನೆಯಲ್ಲಿ ‘ನಿರ್ವಾತದಲ್ಲಿ’ ಅನ್ನುವ ಪದ ಇದ್ದರೆ ಅದನ್ನು ಹಾರಿಸಿಕೊಂಡು ಓದಬೇಡಿ, ನಿಮ್ಮ ಸಮೀಕರಣಕ್ಕೆ ಸಿಕ್ಕ ಪರವಾನಗಿ ಅದು.

ಗುರುತ್ವವನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಎಲೆಕ್ಟ್ರಾನನ್ನು ಒಂದು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 9 × 10⁻³⁰ ಜೌಲ್. ಒಂದೇ ಒಂದು ವೋಲ್ಟಿನ ಏರು ಹತ್ತಲು 1.6 × 10⁻¹⁹ ಜೌಲ್ ಬೇಕು. ಸಾವಿರ ಕೋಟಿ ಪಟ್ಟಿಗಿಂತಲೂ ಹೆಚ್ಚು ಅಂತರ. ಗುರುತ್ವವನ್ನು ಧೈರ್ಯವಾಗಿ ಮರೆತುಬಿಡಿ.

ಕಾಂತಕ್ಷೇತ್ರ ಇದ್ದರೂ ಹೆದರಬೇಕಿಲ್ಲ. ಅದರ ಬಲ ಯಾವಾಗಲೂ ವೇಗಕ್ಕೆ ಲಂಬವಾಗಿರುತ್ತದೆ. ಕಣದ ದಿಕ್ಕು ತಿರುಗುತ್ತದೆ, ಚಲನಶಕ್ತಿಗೆ ಏನೂ ಆಗುವುದಿಲ್ಲ. ಶಕ್ತಿಯ ಸಮೀಕರಣದಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಂತ 2: ಈ ಕಣಕ್ಕೆ ಏರು ಯಾವ ಕಡೆ?

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತಿ ಬರುವ ಗಾಡಿಯನ್ನು ನೆನಪಿಸಿಕೊಳ್ಳಿ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಬುಡದಲ್ಲೇ ಇಂಜಿನ್ ಆಫ್ ಮಾಡಿ, ಘರ್ಷಣೆ, ಗಾಳಿ ಏನೂ ಇಲ್ಲ ಅಂದುಕೊಂಡು, ಬರೀ ಓಡಿ ಬಂದ ವೇಗದಲ್ಲೇ ಮೇಲೆ ಬರಬೇಕು ಅಂದರೆ ಕೆಳಗೆ ಎಷ್ಟು ವೇಗ ಇರಬೇಕು? 2 × 9.8 × 600 ರ ವರ್ಗಮೂಲ ಸೆಕೆಂಡಿಗೆ ಸುಮಾರು 108 ಮೀಟರ್, ಅಂದರೆ ಗಂಟೆಗೆ 390 ಕಿಲೋಮೀಟರ್. ಈ ಲೆಕ್ಕಕ್ಕೆ ತಿರುವು ಎಷ್ಟು, ರಸ್ತೆ ಎಷ್ಟು ಉದ್ದ ಅನ್ನುವುದು ಬೇಕಾಗಲೇ ಇಲ್ಲ. ಎತ್ತರದ ವ್ಯತ್ಯಾಸವೊಂದೇ ಸಾಕಾಯಿತು. ವಿಭವದ ಲೆಕ್ಕವೂ ಹಾಗೆಯೇ.

ಒಂದು ಕಡೆ ಮಾತ್ರ ಹೋಲಿಕೆ ಕೈಕೊಡುತ್ತದೆ. ಘಟ್ಟ ಎಲ್ಲ ಗಾಡಿಗೂ ಏರೇ. ವಿಭವ ಹಾಗಲ್ಲ. ಧನ ಚಾರ್ಜಿನ ಪ್ರೋಟಾನಿಗೆ ವಿಭವ ಹೆಚ್ಚಾಗುವ ದಿಕ್ಕು ಏರು. ಋಣ ಚಾರ್ಜಿನ ಎಲೆಕ್ಟ್ರಾನಿಗೆ ವಿಭವ ಕಡಿಮೆಯಾಗುವ ದಿಕ್ಕು ಏರು. ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿ ‘ಏರು’ ಎಂದು ಬರೆದುಕೊಳ್ಳಿ. ಪರೀಕ್ಷೆಯಲ್ಲಿ ಹೋಗುವ ಅಂಕಗಳಲ್ಲಿ ಹೆಚ್ಚಿನವು ಈ ಬಾಣ ಹಾಕದೆ ಹೋಗುವಂಥವು.

ಇಲ್ಲೊಂದು ಮರುಳು ಮಾಡುವ ಪ್ರಶ್ನೆ ಇದೆ. ಎಲೆಕ್ಟ್ರಾನ್ +300 ವೋಲ್ಟಿನ ಜಾಲರಿಯಿಂದ +240 ವೋಲ್ಟಿನ ಜಾಲರಿಗೆ ಹೋಗುತ್ತದೆ. ವೇಗ ಹೆಚ್ಚುತ್ತದೋ, ಕಡಿಮೆಯಾಗುತ್ತದೋ? ಎರಡೂ ಧನವಾದ್ದರಿಂದ ಎರಡೂ ಎಲೆಕ್ಟ್ರಾನನ್ನು ಎಳೆಯುತ್ತವೆ, ಹಾಗಾಗಿ ವೇಗ ಹೆಚ್ಚುತ್ತದೆ ಎಂದು ಅರ್ಧ ಕ್ಲಾಸು ಕೈ ಎತ್ತುತ್ತದೆ. ವಿಭವ 60 ವೋಲ್ಟ್ ಇಳಿದಿದೆ, ಎಲೆಕ್ಟ್ರಾನಿಗೆ ಅದು ಏರು, ವೇಗ ಕಡಿಮೆಯಾಗುತ್ತದೆ. ಸೊನ್ನೆ ಎಲ್ಲಿ ಇಟ್ಟಿರಿ ಅನ್ನುವುದು ಮುಖ್ಯವೇ ಅಲ್ಲ, ವ್ಯತ್ಯಾಸ ಮಾತ್ರ ಮುಖ್ಯ.

ಹಂತ 3: ಸಮೀಕರಣ

ಆರಂಭದ ಬಿಂದು 1, ಕೊನೆಯ ಬಿಂದು 2 ಆಗಿರಲಿ.

ಚಲನಶಕ್ತಿ₁ + (ಚಾರ್ಜ್ × ವಿಭವ₁) = ಚಲನಶಕ್ತಿ₂ + (ಚಾರ್ಜ್ × ವಿಭವ₂)

ಚಾರ್ಜನ್ನು ಅದರ ಚಿಹ್ನೆಯೊಂದಿಗೇ ಹಾಕಿ. ವಿಭವವನ್ನೂ ಅದರ ಚಿಹ್ನೆಯೊಂದಿಗೇ ಹಾಕಿ. ‘ನಿಧಾನವಾಗುತ್ತದೆ ಅಂತ ಗೊತ್ತಲ್ಲ, ಸುಮ್ಮನೆ ಕಳೆದುಬಿಡೋಣ’ ಅನ್ನುವ ಅಡ್ಡದಾರಿ ಒಂದೇ ಹೆಜ್ಜೆಯ ಲೆಕ್ಕದಲ್ಲಿ ನಡೆಯುತ್ತದೆ. ಎರಡು ಜಾಲರಿ, ಮೂರು ಪ್ಲೇಟು ಬಂದಾಗ ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂದು ತಲೆ ಕೆಡುತ್ತದೆ. ಚಿಹ್ನೆ ಸಮೇತ ಬರೆದರೆ ಆ ಯೋಚನೆಯನ್ನು ಸಮೀಕರಣವೇ ಮಾಡುತ್ತದೆ. ಹಂತ 2 ರ ಬಾಣ ಬಂದ ಉತ್ತರವನ್ನು ತಾಳೆ ನೋಡಲು.

ಹಂತ 4: ಜೌಲ್ ಬಿಡಿ, ಎಲೆಕ್ಟ್ರಾನ್ ವೋಲ್ಟ್ ಹಿಡಿಯಿರಿ

ಎಲೆಕ್ಟ್ರಾನಿನ ಚಾರ್ಜ್ 1.602 × 10⁻¹⁹ ಕೂಲಂ. ಈ ಪ್ರಮಾಣದ ಚಾರ್ಜ್ ಒಂದು ವೋಲ್ಟ್ ಏರಿದರೆ ಕಳೆದುಕೊಳ್ಳುವ ಚಲನಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟ್. ಇನ್ನು ಮುಂದೆ ಚಿಕ್ಕದಾಗಿ ಇವಿ ಅನ್ನೋಣ. ಚಾರ್ಜನ್ನು ಎಲೆಕ್ಟ್ರಾನಿಗೆ −1, ಪ್ರೋಟಾನಿಗೆ +1, ಆಲ್ಫಾ ಕಣಕ್ಕೆ +2 ಎಂದು ಬರೆದು ವಿಭವವನ್ನು ವೋಲ್ಟಿನಲ್ಲಿ ಹಾಕಿದರೆ ಶಕ್ತಿ ತಾನಾಗಿ ಇವಿಯಲ್ಲಿ ಬರುತ್ತದೆ. ಹತ್ತರ ಮೈನಸ್ ಹತ್ತೊಂಬತ್ತನ್ನು ಹಾಳೆಯ ತುಂಬ ಹೊತ್ತು ತಿರುಗುವ ಕೆಲಸವಿಲ್ಲ.

ವೇಗ ಕೊಟ್ಟಿದ್ದರೆ ಅಥವಾ ಕೇಳಿದ್ದರೆ ಮಾತ್ರ ದ್ರವ್ಯರಾಶಿ ಬೇಕು. ಅದಕ್ಕೆ ನಾನು ಬಳಸುವ ಎರಡು ಸಂಖ್ಯೆ ಇವು:

ಎಲೆಕ್ಟ್ರಾನಿನ ವೇಗ = 5.93 × 10⁵ × √(ಇವಿಯಲ್ಲಿ ಚಲನಶಕ್ತಿ), ಮೀ/ಸೆ
ಪ್ರೋಟಾನಿನ ವೇಗ = 1.38 × 10⁴ × √(ಇವಿಯಲ್ಲಿ ಚಲನಶಕ್ತಿ), ಮೀ/ಸೆ

ಅರ್ಧ × ದ್ರವ್ಯರಾಶಿ × ವೇಗದ ವರ್ಗ ಅನ್ನುವುದನ್ನೇ ಒಮ್ಮೆ ಬಿಡಿಸಿ ಇಟ್ಟಿದ್ದು. ಎಲೆಕ್ಟ್ರಾನಿಗೆ 9.109 × 10⁻³¹ ಕಿಲೋಗ್ರಾಂ, ಪ್ರೋಟಾನಿಗೆ 1.673 × 10⁻²⁷ ಕಿಲೋಗ್ರಾಂ ಹಾಕಿ ನೀವೇ ತಾಳೆ ನೋಡಿ.

ಈಗ ಒಂದು ಲೆಕ್ಕ ಪೂರ್ತಿ ಮಾಡೋಣ. ಎಲೆಕ್ಟ್ರಾನ್ ಸೆಕೆಂಡಿಗೆ 6.0 × 10⁶ ಮೀಟರ್ ವೇಗದಲ್ಲಿ 0 ವೋಲ್ಟಿನ ಜಾಲರಿ ದಾಟಿ −60 ವೋಲ್ಟಿನ ಜಾಲರಿಯ ಕಡೆ ನೇರವಾಗಿ ಹೋಗುತ್ತದೆ. ಅಲ್ಲಿ ಅದರ ವೇಗ ಎಷ್ಟು?

ಮೊದಲು ಚಲನಶಕ್ತಿ: 6.0 × 10⁶ ನ್ನು 5.93 × 10⁵ ರಿಂದ ಭಾಗಿಸಿದರೆ 10.12, ಅದರ ವರ್ಗ 102.4. ಅಂದರೆ 102.4 ಇವಿ. ಸಮೀಕರಣ:

102.4 + (−1)(0) = ಚಲನಶಕ್ತಿ₂ + (−1)(−60)

ಮೈನಸ್ಸಿಗೆ ಮೈನಸ್ ಸೇರಿ ಬಲಗಡೆ +60 ಆಯಿತು. ಚಲನಶಕ್ತಿ₂ = 42.4 ಇವಿ. ವೇಗ = 5.93 × 10⁵ × 6.51 = 3.86 × 10⁶ ಮೀ/ಸೆ.

ಈ ಉತ್ತರದ ಮೇಲೆ ಸ್ವಲ್ಪ ನಿಲ್ಲಿ. ಶಕ್ತಿಯಲ್ಲಿ ನೂರಕ್ಕೆ 59 ರಷ್ಟು ಹೋಯಿತು, ವೇಗದಲ್ಲಿ ಹೋದದ್ದು ನೂರಕ್ಕೆ 36 ಮಾತ್ರ. ವೇಗ ಶಕ್ತಿಯ ವರ್ಗಮೂಲದ ಜೊತೆ ನಡೆಯುವುದರಿಂದ ಏರಿನ ಮೊದಲ ಭಾಗದಲ್ಲಿ ವೇಗ ಅಷ್ಟಾಗಿ ಬೀಳುವುದಿಲ್ಲ, ಕೊನೆಯ ಕೆಲವು ವೋಲ್ಟುಗಳಲ್ಲಿ ದಡಕ್ಕನೆ ಬೀಳುತ್ತದೆ. ಬಹುಆಯ್ಕೆ ಪ್ರಶ್ನೆಗಳಲ್ಲಿ ‘ವಿಭವ ಅರ್ಧಕ್ಕೆ ಬಂದಾಗ ವೇಗವೂ ಅರ್ಧ’ ಅನ್ನುವ ತಪ್ಪು ಆಯ್ಕೆ ಇದ್ದೇ ಇರುತ್ತದೆ.

ಹಂತ 5: ಚಲನಶಕ್ತಿ ಋಣ ಬಂದರೆ ಗಾಬರಿ ಬೇಡ

ಅದೇ ಎಲೆಕ್ಟ್ರಾನಿನ ಎದುರು −200 ವೋಲ್ಟಿನ ಪ್ಲೇಟ್ ಇದೆ ಅನ್ನಿ. 102.4 ರಿಂದ 200 ಕಳೆದರೆ −97.6 ಇವಿ. ಚಲನಶಕ್ತಿ ಋಣ ಆಗಲು ಸಾಧ್ಯವಿಲ್ಲ. ನಿಮ್ಮ ಲೆಕ್ಕ ತಪ್ಪಿಲ್ಲ, ಕಣ ಅಲ್ಲಿಗೆ ತಲುಪುವುದಿಲ್ಲ ಎಂದು ಸಮೀಕರಣ ಹೇಳುತ್ತಿದೆ. ಆಗ ಪ್ರಶ್ನೆಯನ್ನು ತಿರುಗಿಸಿ: ಚಲನಶಕ್ತಿ₂ ಸೊನ್ನೆ ಎಂದು ಹಾಕಿ, ವಿಭವ ಎಷ್ಟು ಎಂದು ಕೇಳಿ. −102.4 ವೋಲ್ಟ್ ಬರುತ್ತದೆ. ಅದೇ ತಿರುಗುವ ಬಿಂದು. ಪ್ಲೇಟುಗಳ ನಡುವೆ 4 ಸೆಂಟಿಮೀಟರ್ ಅಂತರ, ಕ್ಷೇತ್ರ ಏಕರೂಪ ಅಂತಾದರೆ ವಿಭವ ದೂರಕ್ಕೆ ಸರಿಯಾಗಿ ಇಳಿಯುತ್ತದೆ. 102.4 ÷ 200 × 4 = 2.05 ಸೆಂಟಿಮೀಟರ್ ಹೋಗಿ ಎಲೆಕ್ಟ್ರಾನ್ ಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮೊದಲ ಜಾಲರಿಗೆ ಬಂದಾಗ ವೇಗ ಮತ್ತೆ 6.0 × 10⁶, ದಿಕ್ಕು ಮಾತ್ರ ಉಲ್ಟಾ.

ಕೊನೆಯ ಬಿಂದುವನ್ನು ಮಾತ್ರ ನೋಡಿ ಉತ್ತರ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. 50 ಇವಿಯ ಎಲೆಕ್ಟ್ರಾನ್ 0 ವೋಲ್ಟಿನಿಂದ ಹೊರಟಿದೆ, ನಡುವೆ −80 ವೋಲ್ಟಿನ ಜಾಲರಿ, ಆಚೆ −20 ವೋಲ್ಟಿನ ಪ್ಲೇಟ್. ಕೊನೆಯದನ್ನಷ್ಟೇ ಹಾಕಿದರೆ 30 ಇವಿ ಉಳಿಯುತ್ತದೆ ಅನಿಸುತ್ತದೆ. ಆದರೆ ನಡುವಿನ ನೆತ್ತಿಯನ್ನೇ ಅದು ಹತ್ತಲಾರದು, ಆಚೆಯ ಇಳಿಜಾರಿನ ಮಾತೇ ಬರುವುದಿಲ್ಲ. ಆದ್ದರಿಂದ ಮೂರು ನಾಲ್ಕು ಜಾಲರಿ ಇದ್ದಾಗ ಮೊದಲು ಎಲ್ಲಕ್ಕಿಂತ ಎತ್ತರದ ಏರಿನಲ್ಲಿ ಪರೀಕ್ಷೆ ಮಾಡಿ. ಅಲ್ಲಿ ದಾಟಿತು ಅಂದರೆ ನಡುವಿನದನ್ನೆಲ್ಲ ಮರೆತು ನೇರ ಕೊನೆಗೆ ಹಾರಬಹುದು.

ಇದರ ತದ್ವಿರುದ್ಧವೂ ಇದೆ. ಬಿಸಿ ಫಿಲಮೆಂಟಿನಿಂದ 0 ವೋಲ್ಟಿನಲ್ಲಿ ಹೆಚ್ಚುಕಡಿಮೆ ನಿಂತ ಸ್ಥಿತಿಯಲ್ಲೇ ಹೊರಟ ಎಲೆಕ್ಟ್ರಾನ್, +150 ವೋಲ್ಟಿನ ಜಾಲರಿಯ ಕಡೆ ರಭಸದಿಂದ ಹೋಗಿ, ಅದರ ಕಣ್ಣಿನಿಂದ ತೂರಿ, ಆಚೆ −40 ವೋಲ್ಟಿನ ಪ್ಲೇಟಿನ ಕಡೆ ಹೊರಟಿತು. ಜಾಲರಿಯ ಹತ್ತಿರ 150 ಇವಿ ಇತ್ತಲ್ಲ, ಪ್ಲೇಟು ಮುಟ್ಟುತ್ತದೆ ಅನಿಸಬಹುದು. ಸೊನ್ನೆಯಿಂದ ಸೊನ್ನೆ ಶಕ್ತಿಯಲ್ಲಿ ಹೊರಟದ್ದು ಸೊನ್ನೆಗಿಂತ ಎತ್ತರ ಹತ್ತಲು ಎಲ್ಲಿಂದ ತರಬೇಕು? ನಡುವೆ ಎಷ್ಟೇ ಇಳಿದಿರಲಿ, ವಿಭವ ಮತ್ತೆ ಸೊನ್ನೆಯಾಗುವಲ್ಲಿ ಅದು ತಿರುಗುತ್ತದೆ. ಎರಡನೇ ಅಂತರ 3.8 ಸೆಂಟಿಮೀಟರ್ ಆಗಿದ್ದರೆ ಜಾಲರಿಯಿಂದ ಸರಿಯಾಗಿ 3 ಸೆಂಟಿಮೀಟರ್ ದೂರದಲ್ಲಿ.

ದ್ರವ್ಯರಾಶಿ ಯಾವಾಗ ಬೇಕು, ಯಾವಾಗ ಬೇಡ

ಪ್ರೋಟಾನ್ ಮತ್ತು ಆಲ್ಫಾ, ಎರಡಕ್ಕೂ 500 ಇವಿ. ಎದುರು +400 ವೋಲ್ಟ್. ಪ್ರೋಟಾನ್ 100 ಇವಿ ಉಳಿಸಿಕೊಂಡು ದಾಟುತ್ತದೆ. ಆಲ್ಫಾದ ಚಾರ್ಜ್ ಎರಡು ಪಟ್ಟು, ಅದಕ್ಕೆ 800 ಇವಿ ಬೇಕಿತ್ತು. +250 ವೋಲ್ಟಿನಲ್ಲೇ ತಿರುಗುತ್ತದೆ. ದ್ರವ್ಯರಾಶಿಯ ಹೆಸರೇ ಎತ್ತಲಿಲ್ಲ.

ಎರಡೂ ಒಂದೇ ‘ವೇಗ’ದಲ್ಲಿ ಬಂದಿದ್ದರೆ ಕತೆ ಬೇರೆ. ಆಲ್ಫಾಕ್ಕೆ ಸುಮಾರು ನಾಲ್ಕು ಪಟ್ಟು ದ್ರವ್ಯರಾಶಿ, ಹಾಗಾಗಿ ನಾಲ್ಕು ಪಟ್ಟು ಶಕ್ತಿ. ಚಾರ್ಜ್ ಎರಡು ಪಟ್ಟು. ನಿಲ್ಲಿಸಲು ಎರಡು ಪಟ್ಟು ವಿಭವ ಬೇಕು. ಪ್ರಶ್ನೆಯಲ್ಲಿ ‘ಒಂದೇ ಶಕ್ತಿ’ ಅಂದಿದೆಯೋ, ‘ಒಂದೇ ವೇಗ’ ಅಂದಿದೆಯೋ ಎಂದು ಅಡಿಗೆರೆ ಎಳೆದು ನೋಡಿ.

ಓರೆಯಾಗಿ ಬಂದ ಕಣ

ಪಠ್ಯಪುಸ್ತಕಗಳು ಹೆಚ್ಚಾಗಿ ಹೇಳದೆ ಬಿಡುವ ಜಾಗ ಇದು, ನನಗೆ ಇಡೀ ವಿಷಯದಲ್ಲಿ ಹೆಚ್ಚು ಇಷ್ಟವಾದದ್ದೂ ಇದೇ. 100 ಇವಿಯ ಎಲೆಕ್ಟ್ರಾನ್ ಸಮಾಂತರ ಪ್ಲೇಟುಗಳ ನಡುವೆ, ಕ್ಷೇತ್ರದ ದಿಕ್ಕಿಗೆ 45 ಡಿಗ್ರಿ ಓರೆಯಾಗಿ ನುಗ್ಗುತ್ತದೆ. ಅದು 100 ವೋಲ್ಟ್ ಹತ್ತುತ್ತದೆಯೇ? ಹತ್ತುವುದಿಲ್ಲ. ಕ್ಷೇತ್ರ ತಡೆಯುವುದು ತನ್ನ ದಿಕ್ಕಿನ ವೇಗವನ್ನು ಮಾತ್ರ. ಪಕ್ಕದ ದಿಕ್ಕಿನ ವೇಗಕ್ಕೆ ಅಡ್ಡಿ ಇಲ್ಲ, ಅದರಲ್ಲಿರುವ ಶಕ್ತಿ ಏರು ಹತ್ತಲು ಬಳಕೆಗೂ ಬಾರದು. ಮುಂದಿನ ದಿಕ್ಕಿನ ಪಾಲು 100 × ಕೋಸೈನ್ 45 ರ ವರ್ಗ, ಅಂದರೆ 50 ಇವಿ. 50 ವೋಲ್ಟಿನ ಏರಿನಲ್ಲಿ ಎಲೆಕ್ಟ್ರಾನ್ ತಿರುಗುತ್ತದೆ, ಆ ಗಳಿಗೆಯಲ್ಲೂ ಅದರ ಬಳಿ ಪಕ್ಕಕ್ಕೆ ಓಡುವ 50 ಇವಿ ಇರುತ್ತದೆ.

ಶಕ್ತಿ ಸಂರಕ್ಷಣೆ ಇಲ್ಲಿ ಮುರಿದಿಲ್ಲ. ‘ತಿರುಗುವಾಗ ಚಲನಶಕ್ತಿ ಸೊನ್ನೆ’ ಅನ್ನುವುದು ನಾವು ಸೇರಿಸಿಕೊಂಡ ಮಾತು. ನೇರವಾಗಿ ಬಂದ ಕಣಕ್ಕೆ ಮಾತ್ರ ಅದು ನಿಜ. ಶಕ್ತಿಯ ಸಮೀಕರಣಕ್ಕೆ ದಿಕ್ಕು ಗೊತ್ತಿಲ್ಲ, ಸಮಯವೂ ಗೊತ್ತಿಲ್ಲ. ಎಷ್ಟು ಹೊತ್ತಿನಲ್ಲಿ ನಿಂತಿತು, ಯಾವ ಕಡೆ ಬಾಗಿತು ಎಂದು ಕೇಳಿದರೆ ಬಲ ಮತ್ತು ವೇಗೋತ್ಕರ್ಷದ ಲೆಕ್ಕಕ್ಕೆ ಹೋಗಲೇಬೇಕು.

ಚಿನ್ನದ ನ್ಯೂಕ್ಲಿಯಸ್: ಏರು ಒಂದೇ ಸಮ ಇಲ್ಲದಾಗ

ಗೈಗರ್ ಮತ್ತು ಮಾರ್ಸ್‌ಡನ್ 1909 ರಲ್ಲಿ ಆಲ್ಫಾ ಕಣಗಳಲ್ಲಿ ಕೆಲವು ಹಿಂದಕ್ಕೆ ಚಿಮ್ಮುವುದನ್ನು ಕಂಡರು, ರುದರ್‌ಫೋರ್ಡ್ 1911 ರಲ್ಲಿ ಅದರಿಂದ ನ್ಯೂಕ್ಲಿಯಸ್ಸನ್ನು ಹೊರತೆಗೆದರು. ನೇರ ಎದುರಿಗೆ ಬಂದ 7.7 ಮೆಗಾ-ಇವಿ ಆಲ್ಫಾ ಎಷ್ಟು ಹತ್ತಿರ ಹೋಗುತ್ತದೆ?

ಬಿಂದು ಚಾರ್ಜಿನ ವಿಭವ ದೂರಕ್ಕೆ ವಿಲೋಮ. ಇಲ್ಲಿ ಒಂದು ಸಂಖ್ಯೆ ನೆನಪಿಟ್ಟರೆ ಲೆಕ್ಕ ಎರಡು ಸಾಲಿಗೆ ಇಳಿಯುತ್ತದೆ: ಎರಡು ಏಕಮಾನ ಚಾರ್ಜುಗಳ ಪ್ರಚ್ಛನ್ನ ಶಕ್ತಿ = 1.44 ÷ ದೂರ, ಶಕ್ತಿ ಮೆಗಾ-ಇವಿಯಲ್ಲಿ, ದೂರ ಫೆಮ್ಟೋಮೀಟರಿನಲ್ಲಿ (10⁻¹⁵ ಮೀಟರ್). ಆಲ್ಫಾಕ್ಕೆ 2, ಚಿನ್ನಕ್ಕೆ 79. ಗುಣಿಸಿದರೆ 2 × 79 × 1.44 = 227.5.

7.7 + 0 = 0 + 227.5 ÷ ದೂರ
ದೂರ = 29.5 ಫೆಮ್ಟೋಮೀಟರ್

ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ 7 ಫೆಮ್ಟೋಮೀಟರ್ ಆಸುಪಾಸು. ಅಂದರೆ ಆಲ್ಫಾ ಅದನ್ನು ಮುಟ್ಟದೆಯೇ ಹಿಂದಿರುಗುತ್ತದೆ, ಬಿಂದು ಚಾರ್ಜ್ ಎಂದು ಹಿಡಿದದ್ದು ಸರಿಯೇ.

ದಾರಿಯುದ್ದಕ್ಕೂ ಏನಾಯಿತು ನೋಡಿ. 295 ಫೆಮ್ಟೋಮೀಟರ್ ದೂರದಲ್ಲಿದ್ದಾಗ ಆಲ್ಫಾ ಕಳೆದುಕೊಂಡಿದ್ದು 0.77 ಮೆಗಾ-ಇವಿ, ಹತ್ತರಲ್ಲಿ ಒಂದು ಪಾಲು. 59 ಫೆಮ್ಟೋಮೀಟರಿಗೆ ಬಂದಾಗ ಅರ್ಧ. ಉಳಿದ ಅರ್ಧವಷ್ಟೂ ಹೋಗುವುದು ಕೊನೆಯ 29.5 ಫೆಮ್ಟೋಮೀಟರಿನಲ್ಲಿ. ಬಲದಿಂದ ಲೆಕ್ಕ ಹಾಕಲು ಹೋದರೆ ಪ್ರತಿ ಹೆಜ್ಜೆಗೂ ಬೇರೆ ಬಲ, ಸಮಾಕಲನ ಮಾಡಬೇಕು. ವಿಭವ ಆ ಸಮಾಕಲನವನ್ನು ಮೊದಲೇ ಮಾಡಿ ಕೊಟ್ಟಿರುತ್ತದೆ.

ಒಂದು ಎಚ್ಚರಿಕೆ. ಇಲ್ಲಿ ಚಿನ್ನದ ನ್ಯೂಕ್ಲಿಯಸ್ ಅಲ್ಲಾಡುವುದಿಲ್ಲ ಎಂದುಕೊಂಡೆವು. ನಿಜಕ್ಕೂ ಅದು ಸ್ವಲ್ಪ ಹಿಂದೆ ಸರಿಯುತ್ತದೆ. ಸಂವೇಗ ಸಂರಕ್ಷಣೆಯನ್ನೂ ಸೇರಿಸಿದರೆ 7.7 ರ ಬದಲು 7.7 × 197 ÷ 201 ಬಳಸಬೇಕು, ಉತ್ತರ ಸುಮಾರು 30.1. ಚಿನ್ನ ಭಾರವಾದ್ದರಿಂದ ವ್ಯತ್ಯಾಸ ಅಲ್ಪ. ಆದರೆ ಸ್ವತಂತ್ರವಾಗಿ ನಿಂತ ಪ್ರೋಟಾನಿನ ಕಡೆ 1 ಮೆಗಾ-ಇವಿಯ ಇನ್ನೊಂದು ಪ್ರೋಟಾನ್ ಬಂದರೆ ಅರ್ಧ ಶಕ್ತಿ ಇಬ್ಬರೂ ಒಟ್ಟಿಗೆ ಮುಂದೆ ಸಾಗುವ ಚಲನೆಯಲ್ಲೇ ಉಳಿದುಬಿಡುತ್ತದೆ. ಹತ್ತಿರದ ದೂರ 1.44 ಅಲ್ಲ, 2.88 ಫೆಮ್ಟೋಮೀಟರ್. ‘ಸ್ಥಿರವಾಗಿ ಹಿಡಿದಿಟ್ಟ’ ಅನ್ನುವ ಮಾತು ಪ್ರಶ್ನೆಯಲ್ಲಿ ಇದೆಯೋ ಇಲ್ಲವೋ ನೋಡಿ.

ಸ್ಟಾಪಿಂಗ್ ಪೊಟೆನ್ಶಿಯಲ್, ಪುಸ್ತಕದಲ್ಲಿ ಮತ್ತು ಲ್ಯಾಬಿನಲ್ಲಿ

ಬೆಳಕು ಎಷ್ಟೇ ಪ್ರಖರವಾಗಿದ್ದರೂ ಎಲೆಕ್ಟ್ರಾನುಗಳನ್ನು ನಿಲ್ಲಿಸುವ ವಿಭವ ಬದಲಾಗುವುದಿಲ್ಲ ಎಂದು ಲೆನಾರ್ಡ್ 1902 ರಲ್ಲಿ ಕಂಡಿದ್ದರು. ಐನ್‌ಸ್ಟೈನ್ 1905 ರಲ್ಲಿ ಕಾರಣ ಹೇಳಿದರು. ಆ ಮಾತನ್ನು ನಂಬದ ಮಿಲಿಕನ್ ವರ್ಷಗಟ್ಟಲೆ ಅಳೆದು, 1916 ರಲ್ಲಿ ಐನ್‌ಸ್ಟೈನರ ಸಮೀಕರಣವೇ ಸರಿ ಎಂದು ಅಂಕಿಗಳಲ್ಲಿ ತೋರಿಸಬೇಕಾಯಿತು.

ಲೆಕ್ಕ ಸರಳ. ಫೋಟಾನಿನ (ಬೆಳಕಿನ ಒಂದು ಕಂತೆಯ) ಶಕ್ತಿ = 1240 ÷ ತರಂಗದೂರ, ಇವಿ ಮತ್ತು ನ್ಯಾನೋಮೀಟರುಗಳಲ್ಲಿ. ಪಾದರಸ ದೀಪದ 404.7 ನ್ಯಾನೋಮೀಟರ್ ನೇರಳೆ ಗೆರೆಗೆ 3.06 ಇವಿ. ಸೀಸಿಯಂನ ವರ್ಕ್ ಫಂಕ್ಷನ್ (ಎಲೆಕ್ಟ್ರಾನನ್ನು ಲೋಹದಿಂದ ಹೊರತರಲು ಬೇಕಾದ ಕನಿಷ್ಠ ಶಕ್ತಿ) 2.14 ಇವಿ ಎಂದು ಹಿಡಿದರೆ ಹೆಚ್ಚೆಂದರೆ 0.92 ಇವಿಯ ಎಲೆಕ್ಟ್ರಾನ್ ಹೊರಬರುತ್ತದೆ, 0.92 ವೋಲ್ಟಿಗೆ ನಿಲ್ಲುತ್ತದೆ. 546.1 ನ್ಯಾನೋಮೀಟರ್ ಹಸಿರಿಗೆ ಫೋಟಾನ್ 2.27 ಇವಿ, ನಿಲ್ಲಿಸಲು 0.13 ವೋಲ್ಟ್ ಸಾಕು.

ಲ್ಯಾಬಿನಲ್ಲಿ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಕಪ್ಪು ಡಬ್ಬಿಯೊಳಗೆ ಫೋಟೋಸೆಲ್, ಮುಂದೆ ಬಣ್ಣದ ಫಿಲ್ಟರ್, ಪಕ್ಕದಲ್ಲಿ ಕರೆಂಟ್ ತೋರಿಸುವ ಮೀಟರ್. ನಾಬ್ ತಿರುಗಿಸಿ ಎದುರು ವೋಲ್ಟೇಜ್ ಹೆಚ್ಚಿಸುತ್ತ ಹೋದ ಹಾಗೆ ಮುಳ್ಳು ಸೊನ್ನೆಯ ಕಡೆ ಬರುತ್ತದೆ, ಆದರೆ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಮೆಲ್ಲಗೆ ಅದನ್ನು ದಾಟಿ ಆಚೆ ಒಂದೆರಡು ಗೆರೆ ಹೋಗಿ ಅಲ್ಲಿ ಕೂರುತ್ತದೆ. ಎಲೆಕ್ಟ್ರಾನ್ ಹಿಡಿಯಬೇಕಾದ ಪ್ಲೇಟಿನ ಮೇಲೂ ಒಂದಿಷ್ಟು ಬೆಳಕು ಬಿದ್ದು ಅಲ್ಲಿಂದಲೂ ಎಲೆಕ್ಟ್ರಾನುಗಳು ಹೊರಡುತ್ತವೆ; ಅವುಗಳಿಗೆ ನಮ್ಮ ಏರು ಇಳಿಜಾರು. ಹಾಗಾಗಿ ಮುಳ್ಳು ಸೊನ್ನೆ ದಾಟಿದ ಜಾಗವನ್ನೇ ಬರೆದುಕೊಂಡರೆ ಉತ್ತರ ಕಡಿಮೆ ಬರುತ್ತದೆ. ವೋಲ್ಟೇಜ್ ಹೆಚ್ಚಿಸಿದರೂ ಮುಳ್ಳು ಇನ್ನು ಅಲ್ಲಾಡುವುದಿಲ್ಲ ಅನ್ನುವ ಜಾಗ ಎಲ್ಲಿ ಶುರುವಾಗುತ್ತದೋ ಅದನ್ನು ಹಿಡಿಯಿರಿ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಈ ಪ್ರಯೋಗ ಮಾಡುವವರಿಗೆ ಇನ್ನೊಂದು ತಾಪತ್ರಯ: ತೇವ ಕಟ್ಟಿದ ಗಾಜು ಮತ್ತು ಬೇಸಿನ ಮೇಲೆ ಕರೆಂಟ್ ಸೋರುತ್ತದೆ, ಬೆಳಕು ಮುಚ್ಚಿದರೂ ಮೀಟರ್ ಏನೋ ತೋರಿಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ದೀಪ ಮುಚ್ಚಿದಾಗಿನ ಓದನ್ನು ಮೊದಲು ಬರೆದಿಟ್ಟುಕೊಳ್ಳಿ.

ಪದವಿಗೆ ಹೋದ ಮೇಲೆ ಎದುರಾಗುವ ಸೂಕ್ಷ್ಮ ಒಂದನ್ನು ಈಗಲೇ ಹೇಳಿಬಿಡುತ್ತೇನೆ. ಎರಡು ಬೇರೆ ಲೋಹಗಳನ್ನು ತಂತಿಯಲ್ಲಿ ಜೋಡಿಸಿದಾಗ ಅವುಗಳ ಮೇಲ್ಮೈ ಹೊರಗಿನ ವಿಭವಗಳ ನಡುವೆ ವರ್ಕ್ ಫಂಕ್ಷನ್‌ಗಳ ವ್ಯತ್ಯಾಸದಷ್ಟು ಅಂತರ ತಾನಾಗಿ ಹುಟ್ಟುತ್ತದೆ. ಎಲೆಕ್ಟ್ರಾನ್ ಹತ್ತುವುದು ಮೀಟರ್ ತೋರಿಸುವ ಏರನ್ನಲ್ಲ, ಮೀಟರಿನ ಓದಿಗೆ ಈ ಅಂತರವೂ ಸೇರಿದ ಏರನ್ನು. ಶಕ್ತಿಯ ಲೆಕ್ಕ ಪೂರ್ತಿ ಬರೆದರೆ ಬೆಳಕು ಬಿದ್ದ ಲೋಹದ ವರ್ಕ್ ಫಂಕ್ಷನ್ ಎರಡೂ ಕಡೆ ವಜಾ ಆಗಿ, ಓದಿನಲ್ಲಿ ಉಳಿಯುವುದು ಎಲೆಕ್ಟ್ರಾನ್ ಹಿಡಿಯುವ ಪ್ಲೇಟಿನದ್ದು! ಪಿಯುಸಿ ಪರೀಕ್ಷೆಯಲ್ಲಿ ಇದನ್ನು ಬರೆಯಲು ಹೋಗಬೇಡಿ, ಪುಸ್ತಕದ ಸೂತ್ರವನ್ನೇ ಬರೆಯಿರಿ. ಎರಡು ಬಣ್ಣಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಇದರಿಂದ ಧಕ್ಕೆ ಇಲ್ಲ. ಮೇಲಿನ ಎರಡು ಗೆರೆಗಳ 0.79 ವೋಲ್ಟನ್ನು ಆವೃತ್ತಿಗಳ ವ್ಯತ್ಯಾಸ 1.92 × 10¹⁴ ಹರ್ಟ್ಸ್‌ನಿಂದ ಭಾಗಿಸಿ, ಎಲೆಕ್ಟ್ರಾನಿನ ಚಾರ್ಜಿನಿಂದ ಗುಣಿಸಿದರೆ 6.6 × 10⁻³⁴, ಪ್ಲಾಂಕ್ ಸ್ಥಿರಾಂಕ.

ಕೈಗಾ ನೆಪದಲ್ಲಿ ಟ್ರೈಟಿಯಂ

ಕಾಳಿ ನದಿಯ ದಂಡೆಯ ಕೈಗಾದಲ್ಲಿ ಇರುವ ನಾಲ್ಕು 220 ಮೆಗಾವ್ಯಾಟ್ ಘಟಕಗಳೂ ಭಾರಜಲ ಬಳಸುವಂಥವು. ಭಾರಜಲದ ಡ್ಯೂಟೀರಿಯಂ ಒಂದು ನ್ಯೂಟ್ರಾನ್ ಹಿಡಿದುಕೊಂಡರೆ ಟ್ರೈಟಿಯಂ ಆಗುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ, ಅದು ಹೊರಹಾಕುವ ಬೀಟಾ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ 18.6 ಕಿಲೋ-ಇವಿ. ಗಾಳಿಯಲ್ಲಿ ಅದು ಕೆಲವೇ ಮಿಲಿಮೀಟರ್ ಹೋಗಿ ನಿಲ್ಲುತ್ತದೆ. ಆದರೆ ಅದು ಅಣುಗಳಿಗೆ ಡಿಕ್ಕಿ ಹೊಡೆದು ನಿಂತದ್ದು, ನಮ್ಮ ಸಮೀಕರಣಕ್ಕೆ ಅಲ್ಲಿ ಪ್ರವೇಶವಿಲ್ಲ.

ನಿರ್ವಾತದಲ್ಲಿ ನಿಲ್ಲಿಸಲು ಎಷ್ಟು ವೋಲ್ಟ್? 18,600. ಬಾಯಲ್ಲೇ ಉತ್ತರ ಬಂತು. ಇದರ ವೇಗ ಕೇಳಿದರೆ ಸ್ವಲ್ಪ ತಡೆಯಿರಿ. ನಮ್ಮ ವರ್ಗಮೂಲದ ಸೂತ್ರ ಬೆಳಕಿನ ವೇಗದ 0.270 ಪಾಲು ಅನ್ನುತ್ತದೆ, ಸಾಪೇಕ್ಷತೆಯ ಸರಿಯಾದ ಲೆಕ್ಕ 0.263. ಎಲೆಕ್ಟ್ರಾನಿನ ನಿಶ್ಚಲ ಶಕ್ತಿ 511 ಕಿಲೋ-ಇವಿ. ಚಲನಶಕ್ತಿ ಅದರ ನೂರನೇ ಒಂದು ಪಾಲಿಗಿಂತ ಹೆಚ್ಚಾದಾಗ ಹಳೆಯ ಸೂತ್ರದ ಮೇಲೆ ಕಣ್ಣಿಡಿ. ನಿಲ್ಲಿಸುವ ವಿಭವಕ್ಕೆ ಮಾತ್ರ ಸಾಪೇಕ್ಷತೆಯಿಂದ ಒಂದು ವೋಲ್ಟೂ ಬದಲಾವಣೆ ಇಲ್ಲ. ಆದ್ದರಿಂದಲೇ, ಪ್ರಶ್ನೆ ಕೇಳದೆ ನೀವಾಗಿ ವೇಗಕ್ಕೆ ಹೋಗಬೇಡಿ ಅನ್ನುವುದು.

ನ್ಯೂಟ್ರಿನೋ ಎಂಬ ತೀರ ಹಗುರ ಕಣದ ದ್ರವ್ಯರಾಶಿ ಅಳೆಯಲು ಹೊರಟಿರುವ, ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಯಾಟ್ರಿನ್ ಪ್ರಯೋಗ ಇದೇ ಟ್ರೈಟಿಯಂ ಎಲೆಕ್ಟ್ರಾನುಗಳ ಎದುರು ಸುಮಾರು 18.6 ಕಿಲೋವೋಲ್ಟಿನ ಏರು ಇಟ್ಟು, ಯಾವುದು ದಾಟಿತು ಎಂದು ಎಣಿಸುತ್ತದೆ. ಓರೆಯಾಗಿ ಬರುವ ಎಲೆಕ್ಟ್ರಾನುಗಳ ತೊಂದರೆ ಅವರಿಗೂ ಇದೆ. ಅದಕ್ಕೆ ಅವರು ಕಾಂತಕ್ಷೇತ್ರವನ್ನು ಬಲವಾದಲ್ಲಿಂದ ತೀರ ದುರ್ಬಲವಾದಲ್ಲಿಗೆ ಮೆಲ್ಲಮೆಲ್ಲನೆ ಬದಲಿಸುತ್ತಾರೆ. ಹಾಗೆ ಮಾಡಿದಾಗ ಸುತ್ತುವ ಚಲನೆಯ ಶಕ್ತಿ ಬಹುತೇಕ ಎಲ್ಲ ಮುಂದಿನ ದಿಕ್ಕಿನ ಚಲನೆಗೆ ಬರುತ್ತದೆ, ಒಟ್ಟು ಶಕ್ತಿ ಒಂದಿಷ್ಟೂ ಬದಲಾಗುವುದಿಲ್ಲ. ಕಾಂತಕ್ಷೇತ್ರ ಕೆಲಸ ಮಾಡುವುದಿಲ್ಲ ಎಂದು ಹಂತ 1 ರಲ್ಲಿ ಬರೆದದ್ದರ ಭರ್ಜರಿ ಉಪಯೋಗ ಇದು. ಕ್ಷೇತ್ರ ದುರ್ಬಲವಾದ ಕಡೆ ಎಲೆಕ್ಟ್ರಾನುಗಳ ಹರಿವು ಅಗಲವಾಗುವುದರಿಂದ 10 ಮೀಟರ್ ವ್ಯಾಸದ ಟ್ಯಾಂಕ್ ಬೇಕಾಯಿತು. ರಸ್ತೆಯಲ್ಲಿ ಅದನ್ನು ಸಾಗಿಸಲಾಗದೆ, ಸುಮಾರು 400 ಕಿಲೋಮೀಟರ್ ದೂರದ ಊರಿಗೆ ನದಿ ಸಮುದ್ರಗಳ ಮೇಲೆ 9,000 ಕಿಲೋಮೀಟರಿನಷ್ಟು ಸುತ್ತು ಹಾಕಿಸಿ 2006 ರಲ್ಲಿ ತಂದರು. ನ್ಯೂಟ್ರಿನೋದ ದ್ರವ್ಯರಾಶಿ 0.45 ಇವಿಗಿಂತ ಹೆಚ್ಚಿಲ್ಲ ಎಂದು 2025 ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಿಂತಿರುವುದು ಈ ಏರಿನ ಲೆಕ್ಕದ ಮೇಲೆಯೇ.

ಮಾಡಿ ನೋಡಲು

ಸೆಕೆಂಡಿಗೆ 2.0 × 10⁵ ಮೀಟರ್ ವೇಗದ ಪ್ರೋಟಾನ್ 0 ವೋಲ್ಟಿನಿಂದ ಹೊರಟರೆ ಎಷ್ಟು ವೋಲ್ಟಿನಲ್ಲಿ ನಿಲ್ಲುತ್ತದೆ? ಉತ್ತರ ಸುಮಾರು +209 ವೋಲ್ಟ್. ಚಿಹ್ನೆ ಬರೆಯದಿದ್ದರೆ ಅರ್ಧ ಅಂಕ ಕಟ್.

250 ಇವಿಯ ಎಲೆಕ್ಟ್ರಾನ್ +40 ವೋಲ್ಟಿನಿಂದ −50 ವೋಲ್ಟಿಗೆ ಹೋದರೆ ವೇಗ ಮೊದಲಿನ ಎಷ್ಟು ಪಾಲು? ಏರು 90 ವೋಲ್ಟ್, ಉಳಿದದ್ದು 160 ಇವಿ, ವೇಗ 0.8 ಪಾಲು. ಇದಕ್ಕೂ ದ್ರವ್ಯರಾಶಿ ಬೇಕಾಗಲಿಲ್ಲ.

200 ಇವಿಯ ಎಲೆಕ್ಟ್ರಾನ್ ಏಕರೂಪ ಕ್ಷೇತ್ರದ ದಿಕ್ಕಿಗೆ 60 ಡಿಗ್ರಿ ಓರೆಯಾಗಿ ನುಗ್ಗಿದರೆ ಎಷ್ಟು ವೋಲ್ಟ್ ಹತ್ತಿ ತಿರುಗುತ್ತದೆ, ಆಗ ಅದರ ಬಳಿ ಎಷ್ಟು ಚಲನಶಕ್ತಿ ಇರುತ್ತದೆ? 50 ವೋಲ್ಟ್, 150 ಇವಿ. ಸೊನ್ನೆ ಇವಿ ಎಂದು ಬರೆದವರು ಓರೆ ಕಣದ ಭಾಗಕ್ಕೆ ಹಿಂದಿರುಗಿ.